ಹದಿಮೂರು ಕೊಡ ಸಮುದ್ರ

ನಡುಮನೆಯಲ್ಲಿ ಸಮುದ್ರದ ನೀರಿನ ತೊಟ್ಟಿ ಇಡಬೇಕು ಎಂದು ನನ್ನ ಮಗ ಷಣ್ಮುಖ ಹೇಳಿದಾಗ ನಾನು ಮೊದಲು ಕೇಳಿದ್ದು, ಎಷ್ಟು ಕೊಡ ಹಿಡಿಯುತ್ತದೆ ಎಂದು. ನಾನು ಜಗಳೂರು ಕಡೆಯ ಬಿಳಿಚೋಡಿನಲ್ಲಿ ಹುಟ್ಟಿದವಳು. ಅಲ್ಲಿ ನೀರಿಗೆ ಬೇರೆ ಅಳತೆಯಿಲ್ಲ. ಮದುವೆಯಾಗಿ ಚನ್ನಗಿರಿಗೆ ಬಂದು, ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ, ನಿವೃತ್ತಳಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಲೀಟರು ಮಕ್ಕಳಿಗೆ ಕಲಿಸಲು, ಕೊಡ ನನ್ನ ಸ್ವಂತಕ್ಕೆ.

ನನ್ನ ಹೆಸರು ಶಾಂತಾದೇವಿ. ಈ ಹೆಸರಿಟ್ಟವರು ನನ್ನನ್ನು ನೋಡುವ ಮೊದಲೇ ಇಟ್ಟಿರಬೇಕು ಎಂದು ಊರಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಶಾಲೆಯಲ್ಲಿ ಒಂದು ಸಲ ಕೊಟ್ಟ ಅಂಕವನ್ನು ಯಾರ ಅಪ್ಪ ಬಂದು ಕೇಳಿದರೂ ತಿದ್ದಿದವಳಲ್ಲ ನಾನು. ಅದನ್ನು ದೊಡ್ಡ ಗುಣ ಎಂದುಕೊಂಡೇ ಐವತ್ತೆಂಟು ವರ್ಷ ಬದುಕಿದ್ದೆ.

ತೊಟ್ಟಿಯ ಮಾತು ಬಂದದ್ದು ೧೯೮೩ರ ಫೆಬ್ರವರಿಯಲ್ಲಿ. ಅದಕ್ಕೆ ಏಳು ತಿಂಗಳ ಹಿಂದೆ ನಡೆದದ್ದನ್ನು ಮೊದಲು ಹೇಳಿಬಿಡಬೇಕು. ನನ್ನ ಸೊಸೆ ನಿರ್ಮಲ ಆಗ ಎಂಟು ತಿಂಗಳ ಬಸುರಿ. ನ್ಯಾಮತಿಯಲ್ಲಿ ಅವಳ ದೊಡ್ಡಪ್ಪನ ಮಗಳ ಮನೆಯ ಗೃಹಪ್ರವೇಶವಿತ್ತು. ಬಸ್ಸಿನಲ್ಲಿ ಹೋಗಬೇಡ ಎಂದೆ. ಒಂದೇ ದಿನದ ಮಾತಲ್ಲವೇ ಎಂದು ಹೋಗಿ ಬಂದಳು. ನಾಲ್ಕನೆಯ ದಿನ ಹೊಟ್ಟೆಯಲ್ಲಿ ಕೂಸಿನ ಓಡಾಟ ನಿಂತಿತು. ಆಸ್ಪತ್ರೆಯಲ್ಲಿ ಅವಳಿಗೆ ಮಂಪರಿನ ಮದ್ದು ಕೊಟ್ಟು ಕೂಸನ್ನು ತೆಗೆದರು. ಹೆಣ್ಣು ಕೂಸು. ಅವಳಿಗೆ ಎಚ್ಚರವಾಗುವ ಮೊದಲೇ ಅದನ್ನು ಬಟ್ಟೆಯಲ್ಲಿ ಸುತ್ತಿ ಷಣ್ಮುಖನ ಕೈಗೆ ಕೊಟ್ಟು, ಮಣ್ಣು ಮಾಡಿ ಬಾ ಎಂದು ಕಳಿಸಿದವಳು ನಾನೇ. ಮುಖ ನೋಡಿದರೆ ಮರೆಯುವುದು ಕಷ್ಟ ಎನ್ನುವುದು ನಮ್ಮ ಹಿರಿಯರ ಲೆಕ್ಕ. ನಾನೂ ಅದನ್ನೇ ನಂಬಿದ್ದೆ.

ನಿರ್ಮಲ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. ಆಗ ನಾನು ಆಡಿದ ಮಾತು ಇಷ್ಟು: "ನಾ ಹೇಳಿದ್ದೆ, ಬಸ್ಸಿನಾಗೆ ಹೋಗಬ್ಯಾಡ ಅಂತ."

ಅರ್ಧ ಗಂಟೆ ಕಳೆದ ಮೇಲೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಎರಡು ಸುತ್ತು ಬಿದ್ದಿತ್ತು, ಮನೆಯಲ್ಲಿ ಮಲಗಿದ್ದರೂ ಇದೇ ಆಗುತ್ತಿತ್ತು, ನೀವು ಹಿರಿಯರು, ಅವಳಿಗೆ ನಿಧಾನವಾಗಿ ತಿಳಿಸಿ ಎಂದರು. ಆಗಲಿ ಎಂದೆ. ಆದರೆ ಅದನ್ನು ಹೇಳಬೇಕಾದರೆ ನನ್ನ ಮಾತನ್ನು ನಾನು ವಾಪಸು ತೆಗೆದುಕೊಳ್ಳಬೇಕಿತ್ತು. ಇವತ್ತು ಬೇಡ, ಅವಳು ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಒಂದು ದಿನ ಮುಂದೆ ಹಾಕಿದೆ. ಹಾಗೆ ಹತ್ತು ದಿನ ಮುಂದೆ ಹಾಕಿದೆ. ಹನ್ನೊಂದನೆಯ ದಿನ ಅವಳ ಅಪ್ಪ ಬಸವರಾಜಪ್ಪ ಬಂದು ಮಗಳನ್ನು ಕರೆದುಕೊಂಡು ಹೋದರು. ನ್ಯಾಮತಿಯ ಕಡೆಯವರಾದರೂ ಅವರಿಗೆ ಹೊನ್ನಾವರದಲ್ಲಿ ಬಂದರು ಇಲಾಖೆಯ ಗುಮಾಸ್ತಿಕೆ. ನಿರ್ಮಲ ಹುಟ್ಟಿದಾಗಿನಿಂದ ಸಮುದ್ರದ ಪಕ್ಕದಲ್ಲೇ ಬೆಳೆದವಳು. ಎರಡು ತಿಂಗಳಿದ್ದು ಬರುತ್ತಾಳೆ ಎಂದಿದ್ದರು. ಏಳು ತಿಂಗಳಾಯಿತು.

ಷಣ್ಮುಖನಿಗೆ ಬಸ್ ಸ್ಟ್ಯಾಂಡಿನ ಎದುರು ಗಾಜು ಮತ್ತು ಫೋಟೋ ಫ್ರೇಮಿನ ಅಂಗಡಿ. ದಿನವೆಲ್ಲ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೆರೆ ಎಳೆಯುವ ಅವನಿಗೆ ಮಾತು ಕಡಿಮೆ. ಹೆಂಡತಿಯನ್ನು ಕರೆತರುತ್ತೇನೆ ಎಂದು ಹೊನ್ನಾವರಕ್ಕೆ ಹೋದವನು ಒಬ್ಬನೇ ಬಂದ. ಉಂಡು ಕೈ ತೊಳೆದ ಮೇಲೆ ಬಾಯಿ ಬಿಟ್ಟ.

"ಬರ್ತೀನಿ ಅನ್ನಲಿಲ್ಲ. ಬರಲ್ಲ ಅಂತಾನೂ ಅನ್ನಲಿಲ್ಲ ಅವ್ವಾ. ಸಂಜೆ ಆದ್ರೆ ಬಂಡೆ ಮ್ಯಾಲೆ ಹೋಗಿ ಕೂರ್ತಾಳೆ. ಬಂಡೆ ಸಂದಿಯಾಗೆ ಸಣ್ಣ ಸಣ್ಣ ಗುಂಡಿ ಅದಾವೆ. ಸಮುದ್ರ ಹಿಂದಕ್ಕೆ ಸರಿದಾಗ ಅದ್ರಾಗೆ ನೀರು ನಿಂತಿರ್ತೈತೆ. ಬೆರಳುದ್ದ ಮೀನು, ಶಂಖ ಹೊತ್ಕೊಂಡು ಓಡಾಡೋ ಏಡಿ. ಅದ್ನೇ ನೋಡ್ತಾಳೆ. ನಂಗೂ ತೋರಿಸಿದ್ಲು. ಅವತ್ತು ಒಂದಿಷ್ಟು ಮಾತಾಡಿದ್ಲು."

"ಅದಕ್ಕೆ?"

"ಅದ್ಕೆ, ಅಂಥದ್ದೊಂದು ಗುಂಡಿ ಇಲ್ಲೇ ಮಾಡಾಣ ಅಂತ."

ನನಗೆ ಸಿಟ್ಟು ಬಂತು. ಲಿಂಗ ಕಟ್ಟಿದವರ ಮನೆಯ ನಡುವೆ ಮೀನು ಏಡಿ ತಂದು ಇಟ್ಟರೆ ಓಣಿಯವರು ಏನೆಂದುಕೊಂಡಾರು, ಸಾರು ಮಾಡುತ್ತಿದ್ದಾರೆ ಎಂದುಕೊಳ್ಳುವುದಿಲ್ಲವೇ ಎಂದೆ. ನನ್ನ ಸಿಟ್ಟಿನ ಅಡಿಯಲ್ಲಿ ಬೇರೆಯೇ ಒಂದು ವಿಷಯ ಇತ್ತು. ಸೊಸೆ ಬರದೇ ಇರುವುದು ಯಾಕೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಒಂದು ಕಾಗದ ಬರೆದರೆ ಮುಗಿಯುತ್ತಿತ್ತು. ನಾನು ಬರೆಯಲಿಲ್ಲ. ಅದರ ಬದಲು, "ಮಾಡೋದಾದ್ರೆ ಮೂಲೆಯಾಗೆ ಕೂರುವಂಗೆ ಸಣ್ಣದು ಮಾಡು," ಎಂದು ಒಪ್ಪಿಗೆ ಕೊಟ್ಟೆ.

ಅವನು ಒಂದೂವರೆ ಅಡಿ ಉದ್ದದ್ದು ಮಾಡಿದ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿಸಿ, ಫೋಟೋಕ್ಕೆ ಹಾಕುವ ಗಾಜು ಕೂರಿಸಿ, ಕಿಟಕಿಗೆ ಮೆತ್ತುವ ಲಪ್ಪ ಮೆತ್ತಿದ. ಮೂರು ಕೊಡ ನೀರು ಹಿಡಿಯಿತು. ಪರೀಕ್ಷೆಗೆಂದು ಅದಕ್ಕೆ ಹರಳುಪ್ಪು ಕರಗಿಸಿದ ನೀರು ತುಂಬಿಸಿದ. ಎಂಟು ದಿನಕ್ಕೆ ಚೌಕಟ್ಟಿನ ಮೂಲೆಗಳಲ್ಲಿ ತುಕ್ಕು ಇಳಿಯಿತು. ಲಪ್ಪ ಮೆತ್ತಗಾಗಿ ಅದರ ಎಣ್ಣೆ ನೀರಿನ ಮೇಲೆ ತೇಲಿತು. ಹತ್ತನೆಯ ದಿನ ಬೆಳಿಗ್ಗೆ ನೋಡಿದರೆ ತೊಟ್ಟಿ ಖಾಲಿ, ನನ್ನ ಜಮಖಾನ ಒದ್ದೆ. ಇನ್ನಾದರೂ ಈ ಹುಚ್ಚು ಬಿಡುತ್ತಾನೆ ಎಂದುಕೊಂಡೆ.

ಅವನು ಮಾವನಿಗೆ ಕಾಗದ ಬರೆದ. ಬಸವರಾಜಪ್ಪನವರು ಅಲ್ಲಿನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಕೇಳಿ ನಾಲ್ಕು ಪುಟ ಉತ್ತರ ಬರೆದರು. ಅದನ್ನು ನಾನೇ ಓದಿದೆ. ಸಿಹಿನೀರಿನ ಮೀನಿಗಾದರೆ ಸಣ್ಣ ಗಾಜಿನ ಬುರುಡೆ ಸಾಕು, ಸಮುದ್ರದ ಜೀವಕ್ಕೆ ಆಗದು. ಸಮುದ್ರ ಎಂದೂ ತಟ್ಟನೆ ಬಿಸಿಯಾಗುವುದಿಲ್ಲ, ತಟ್ಟನೆ ಉಪ್ಪೇರುವುದಿಲ್ಲ, ಅಲ್ಲಿ ಹುಟ್ಟಿದ ಜೀವಕ್ಕೆ ಅಂಥ ಬದಲಾವಣೆ ತಡೆದುಕೊಂಡು ಗೊತ್ತಿಲ್ಲ. ಸಣ್ಣ ತೊಟ್ಟಿಯಲ್ಲಿ ಸಣ್ಣ ತಪ್ಪೂ ಮಾರಕ, ದೊಡ್ಡ ತೊಟ್ಟಿ ತಪ್ಪು ತಿದ್ದಿಕೊಳ್ಳಲು ಎರಡು ದಿನ ಸಮಯ ಕೊಡುತ್ತದೆ. ಕೊನೆಯಲ್ಲಿ ಅಡಿಗೆರೆ ಎಳೆದು, ತೊಟ್ಟಿಗೆ ಯಾವ ಲೋಹವೂ ತಾಕಬಾರದು ಎಂದು ಬರೆದಿದ್ದರು.

ಓದಿ ಒಪ್ಪಿಕೊಳ್ಳುವವಳಲ್ಲ ನಾನು, ಮಾಡಿ ನೋಡಬೇಕು. ಹಾಲಿನ ಸೊಸೈಟಿಯ ಕಾರ್ಯದರ್ಶಿ ಪಂಚಾಕ್ಷರಪ್ಪನ ಹತ್ತಿರ ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುವ ಲ್ಯಾಕ್ಟೋಮೀಟರು ಇತ್ತು. ಗಾಜಿನ ಆ ಕಡ್ಡಿ ನೀರು ಎಷ್ಟು ಗಟ್ಟಿ ಎಂದು ಹೇಳುತ್ತದೆ, ಅದಕ್ಕೆ ಹಾಲಾದರೇನು ಉಪ್ಪುನೀರಾದರೇನು. ಮೇಷ್ಟ್ರ ಕಾಗದದ ಪ್ರಕಾರ ಸಮುದ್ರದ ನೀರಿಗೆ ಅದು ಇಪ್ಪತ್ತೈದು ತೋರಿಸಬೇಕು. ಒಂದು ಬೋಗುಣಿಗೂ ಒಂದು ದೊಡ್ಡ ಬಕೆಟ್ಟಿಗೂ ಇಪ್ಪತ್ತೈದಕ್ಕೆ ಸರಿಯಾಗಿ ಉಪ್ಪು ಕರಗಿಸಿ, ಏಪ್ರಿಲ್ ಬಿಸಿಲಿಗೆ ಹಿತ್ತಲಿನಲ್ಲಿಟ್ಟೆ. ಮಧ್ಯಾಹ್ನಕ್ಕೆ ಬೋಗುಣಿಯ ನೀರು ಸ್ನಾನದ ನೀರಿನಷ್ಟು ಕಾದಿತ್ತು, ಬಕೆಟ್ಟಿನದು ಬೆಚ್ಚಗೆ ಅಷ್ಟೇ. ನಾಲ್ಕು ದಿನಕ್ಕೆ ಬೋಗುಣಿಯ ನೀರು ಅರ್ಧ ಆರಿ, ಕಡ್ಡಿ ನಲವತ್ತು ದಾಟಿ ಮೇಲೆದ್ದು ನಿಂತಿತು. ಬಕೆಟ್ಟಿನಲ್ಲಿ ಇಪ್ಪತ್ತೇಳು.

ಕಡ್ಡಿ ತೊಳೆದು ಒರೆಸಿ ಷಣ್ಮುಖನನ್ನು ಕರೆದೆ. "ದೊಡ್ಡದೇ ಮಾಡು," ಎಂದೆ.

"ನಡುಮನೆ ಇಕ್ಕಟ್ಟಾಗ್ತೈತೆ ಅಂತ ನೀನೇ ಅಂದಿದ್ದೆ."

"ನನ್ನ ಮಂಚ ಒಳಗಿನ ಕೋಣೆಗೆ ಹಾಕು."

ಅವನು ನನ್ನ ಮುಖವನ್ನೇ ನೋಡಿದ. ನಗಲಿಲ್ಲ, ಅವನ ಪುಣ್ಯ.

ಇನ್ನು ಯಾವುದರಲ್ಲಿ ಮಾಡುವುದು ಎನ್ನುವ ಚರ್ಚೆ. ಗಾರೆ ಕೆಲಸದವನು ಮೂರು ಕಡೆ ಸಿಮೆಂಟು, ಒಂದು ಕಡೆ ಗಾಜು ಹಾಕೋಣ ಎಂದ. ಆದರೆ ಹೊಸ ಸಿಮೆಂಟು ತಿಂಗಳುಗಟ್ಟಲೆ ನೀರಿಗೆ ಸುಣ್ಣ ಬಿಡುತ್ತದೆ. ಬೋರ್ಡು ಬರೆಯುವವರು ಬಳಸುವ ಪ್ಲಾಸ್ಟಿಕ್ ಹಾಳೆ ಹಗುರ, ಒಡೆಯುವುದಿಲ್ಲ, ಆದರೆ ಪಾಚಿ ಉಜ್ಜಿದ ಕಡೆಯೆಲ್ಲ ಗೀರು ಬಿದ್ದು ಮಂಜಾಗುತ್ತದೆ. ಷಣ್ಮುಖನ ಮನಸ್ಸು ಗಾಜಿನ ಮೇಲೆಯೇ ಇತ್ತು, ಗಾಜನ್ನು ಗಾಜಿಗೆ ಹಿಡಿದಿಡುವುದು ಹೇಗೆ ಎಂಬುದೊಂದೇ ತೊಡಕು. ಬೆಂಗಳೂರಿನಲ್ಲಿ ಸಿಲಿಕೋನ್ ಎನ್ನುವ ಅಂಟು ಸಿಗುತ್ತದೆ, ಒಣಗಿದ ಮೇಲೆ ರಬ್ಬರಿನಂತಾಗುತ್ತದೆ, ಉಪ್ಪು ಅದನ್ನು ಏನೂ ಮಾಡುವುದಿಲ್ಲ ಎಂದು ಗೊತ್ತಾಯಿತು. ಹೋಗಿ ನಾಲ್ಕು ಕೊಳವೆ ತಂದ.

ತೊಟ್ಟಿಯ ಚಿತ್ರ ಬರೆದು, ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರ, ಒಂದು ಅಡಿ ಅಗಲ ಎಂದು ಅಳತೆ ಹಾಕಿ ಹೊನ್ನಾವರಕ್ಕೆ ಕಳಿಸಿದ. ಹದಿನೈದು ದಿನಕ್ಕೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ನಿರ್ಮಲಳದು. ಒಳಗೆ ಒಂದೇ ಸಾಲು: ಅಗಲ ಇನ್ನೂ ಆರು ಇಂಚು ಜಾಸ್ತಿ ಮಾಡಿ, ಏಡಿಗಳಿಗೆ ನಡೆದಾಡಲು ನೆಲ ಬೇಕು.

"ಬರ್ತೀನಿ ಅಂತ ಬರೆದಿಲ್ಲವಲ್ಲೋ," ಎಂದೆ.

"ಬರೆದಾಳೆ ಅವ್ವಾ. ನೀನು ಓದಿದ್ದು ಸಾಲದು." ಪತ್ರ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಆ ಅಂಗಿ ಒಗೆಯಲು ಹಾಕುವಾಗಲೆಲ್ಲ ಪತ್ರ ಬೇರೆ ಅಂಗಿಗೆ ಹೋಗುತ್ತಿತ್ತು.

ಆ ತೊಟ್ಟಿಯನ್ನು ಅವನು ಮಾಡಿದ ರೀತಿ ನೋಡಿ ನನ್ನ ಮಗನನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ ಅನ್ನಿಸಿತು. ಫೋಟೋದ ತೆಳು ಗಾಜು ಬಿಟ್ಟು, ಅಂಗಡಿಗಳ ಷೋಕೇಸಿಗೆ ಹಾಕುವ ದಪ್ಪ ಗಾಜು ತರಿಸಿದ. ಕೊಯ್ದ ಅಂಚುಗಳನ್ನು ಸಾಣೆಕಲ್ಲಿನಿಂದ ಮೂರು ದಿನ ಉಜ್ಜಿದ. ಅಂಟನ್ನು ಸಂದಿಗೆ ತುಂಬಿ ಹೆಬ್ಬೆರಳಿನಿಂದ ಒಂದೇ ಉಸಿರಿಗೆ ಎಳೆದ. ಒಣಗಲು ಹತ್ತು ದಿನ ಬಿಟ್ಟ. ಮನೆ ತುಂಬ ಹುಳಿಹುಳಿ ವಾಸನೆ, ಬೈಯಬೇಕೆಂದರೂ ಬಾಯಿ ಬರಲಿಲ್ಲ. ಕಬ್ಬಿಣದ ಮೇಜು ಬೇಡವೆಂದು ನಡುಮನೆಯ ಗೋಡೆಗೆ ಕಲ್ಲುಚಪ್ಪಡಿಯ ಕಟ್ಟೆ ಕಟ್ಟಿಸಿ, ಅದರ ಮೇಲೆ ಕೂರಿಸಿದ. ನಾನು ಬಾವಿ ನೀರು ಹಾಕಿ ಎಣಿಸಿದೆ. ಹದಿಮೂರು ಕೊಡ. ಹದಿನೈದು ದಿನ ಕಾದೆವು, ಒಂದು ಹನಿ ಇಳಿಯಲಿಲ್ಲ.

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ನೀರು ಬಂತು. ಗಿಡ್ಡಪ್ಪ ಎನ್ನುವವನ ಲಾರಿ ನಮ್ಮ ಕಡೆಯಿಂದ ಕರಾವಳಿಗೆ ಅಕ್ಕಿ ಒಯ್ದು, ಅಲ್ಲಿಂದ ಹೆಂಚು ತರುತ್ತಿತ್ತು. ಬಸವರಾಜಪ್ಪನವರು ದೋಣಿಯವರಿಗೆ ಹೇಳಿ ಹೊಳೆ ನೀರು ಬೆರೆಯದ ಜಾಗದಿಂದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ನೀರು ತುಂಬಿಸಿ ಆ ಲಾರಿಗೆ ಹಾಕಿಸಿದ್ದರು. ಕಡ್ಡಿ ಬಿಟ್ಟು ನೋಡಿದೆ, ಇಪ್ಪತ್ತೈದು. ಗಾಳಿ ಗುಳ್ಳೆ ಬಿಡುವ ಕರೆಂಟಿನ ಪಂಪೂ ಬಂತು. ಕರೆಂಟು ಹೋದಾಗಿನ ಗತಿ ಏನು ಎಂದು ನಾನು ಕೇಳಿದ್ದಕ್ಕೆ ಗಿಡ್ಡಪ್ಪ ಲಾರಿಯ ಹಳೆಯ ಟ್ಯೂಬು ಕೊಟ್ಟ. ಅದಕ್ಕೆ ಗಾಳಿ ತುಂಬಿಸಿ ಸಣ್ಣ ನಳಿಗೆ ಸಿಕ್ಕಿಸಿದರೆ ಮೂರು ಗಂಟೆ ಹೊತ್ತು ಗುಳ್ಳೆ ಬಿಡುತ್ತಿತ್ತು.

ಅದಾದ ಒಂದು ವಾರಕ್ಕೆ ನಿರ್ಮಲ ಬಂದಳು. ತೊಡೆಯ ಮೇಲೆ ಕ್ಯಾನು ಇಟ್ಟುಕೊಂಡು ಇಡೀ ದಾರಿ ಬಂದಿದ್ದಳು. ಹಳದಿ ಮೈಗೆ ಕಪ್ಪು ಪಟ್ಟೆಯ ಎರಡು ಮೀನು, ಶಂಖ ಹೊತ್ತ ಐದು ಏಡಿ. ತೊಟ್ಟಿಯ ಮುಂದೆ ನಿಂತು ಗಾಜಿನ ಮೂಲೆಯ ಅಂಟಿನ ಗೆರೆಯನ್ನು ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಸವರಿದಳು. ಷಣ್ಮುಖ ಬಾಗಿಲಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಮೂರು ವಾರ ಚೆನ್ನಾಗಿಯೇ ಹೋಯಿತು. ಓಣಿಯ ಹೆಂಗಸರು ಬಂದು ನೋಡಿದರು, ಸಾರಿನ ಮಾತು ಯಾರೂ ಆಡಲಿಲ್ಲ. ಒಂದು ಏಡಿ ತನ್ನ ಶಂಖ ಬಿಟ್ಟು ಪಕ್ಕದ ದೊಡ್ಡ ಶಂಖಕ್ಕೆ ಬೆತ್ತಲೆ ಓಡಿ ಸೇರಿಕೊಂಡ ದಿನ ನಿರ್ಮಲ ಗಟ್ಟಿಯಾಗಿ ನಕ್ಕಳು. ಅಡುಗೆಮನೆಯಲ್ಲಿದ್ದ ನನಗೆ ಆ ನಗು ಕೇಳಿ ಕಣ್ಣು ಒದ್ದೆಯಾಯಿತು. ಗಂಡನ ಜೊತೆ ಮಾತು ಬೆಳೆಯುತ್ತಿತ್ತು. ನನ್ನ ಜೊತೆ ಮಾತ್ರ ಕೇಳಿದ್ದಕ್ಕೆ ಉತ್ತರ, ಅಷ್ಟೇ. ಆಯ್ತ್ರಿ ಅತ್ತೆ, ಹೌದ್ರಿ ಅತ್ತೆ. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡಬೇಕು ಎಂದು ಏಳುತ್ತಿದ್ದೆ. ನಗುತ್ತಿರುವವಳಿಗೆ ಹಳೆಯದನ್ನು ಯಾಕೆ ನೆನಪಿಸುವುದು ಎಂಬ ಹೊಸ ನೆಪ ಸಿಕ್ಕಿತ್ತು.

ತಿಂಗಳಿಗೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕಬೇಕು. ಡಿಸೆಂಬರಿನ ಒಂದು ಶನಿವಾರ ಗಿಡ್ಡಪ್ಪ ಮೂರು ಕ್ಯಾನು ನೀರು ತಂದ. ಎರಡು ದಿನ ನೆರಳಿನಲ್ಲಿಟ್ಟು ತಿಳಿಯಾಗಲು ಬಿಡಬೇಕು ಎಂದು ನಿರ್ಮಲ ಮೊದಲೇ ಹೇಳಿದ್ದಳು. ಅವಳು ಷಣ್ಮುಖನ ಜೊತೆ ಪೇಟೆಗೆ ಹೋಗಿದ್ದಳು. ಕ್ಯಾನಿನ ಮುಚ್ಚಳ ತೆಗೆದು ಮೂಸಿದೆ, ಪ್ಲಾಸ್ಟಿಕ್ಕಿನ ನಾತ. ಅಷ್ಟು ದೂರದಿಂದ ಬಂದ ನೀರನ್ನು ಇನ್ನೂ ಎರಡು ದಿನ ಈ ನಾತದಲ್ಲಿ ಇಡುವುದೇ? ನಮ್ಮ ಮನೆಯಲ್ಲಿ ಒಳ್ಳೆಯ ನೀರು ಇರುವುದು ತಾಮ್ರದ ಹಂಡೆಯಲ್ಲಿ. ತಾಮ್ರದಲ್ಲಿಟ್ಟ ನೀರಿನಲ್ಲಿ ಕ್ರಿಮಿ ಉಳಿಯುವುದಿಲ್ಲ ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ದೊಡ್ಡ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಎರಡು ಕ್ಯಾನು ನೀರು ಅದಕ್ಕೆ ಸುರಿದೆ. ಮೂರನೆಯದರ ಮುಚ್ಚಳ ಬಿಗಿಯಾಗಿತ್ತು, ತಿರುಗಲಿಲ್ಲ, ಹಾಗೇ ಬಿಟ್ಟೆ. ಲೋಹ ತಾಕಬಾರದು ಎಂದು ಕಾಗದದಲ್ಲಿ ಇತ್ತಲ್ಲ ಎನ್ನುತ್ತೀರಿ. ಅದು ತೊಟ್ಟಿಗೆ ಬರೆದದ್ದು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಹುಳಿ ಮಜ್ಜಿಗೆಯನ್ನು ಕಲಾಯಿ ಇಲ್ಲದ ತಾಮ್ರದಲ್ಲಿ ಇಡಬಾರದು ಎಂದು ನಮ್ಮ ಎಂಟು ವರ್ಷದ ಹುಡುಗಿಯರಿಗೂ ಗೊತ್ತು. ಆದರೆ ಇದು ನೀರು. ನೀರನ್ನು ತಾಮ್ರದಲ್ಲಿ ಇಡಬೇಡ ಎಂದು ನನಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಆ ನೀರನ್ನು ನಾನೇ ಬಕೆಟ್ಟುಗಳಿಗೆ ಬಗ್ಗಿಸಿ ತೊಟ್ಟಿಯ ಪಕ್ಕ ಇಟ್ಟೆ. ಮಾಡಿದ ಉಪಕಾರವನ್ನು ಹೇಳಿಕೊಳ್ಳಬಾರದು ಎಂದು ಹೇಳಲೂ ಇಲ್ಲ. ನಿರ್ಮಲ ಅಷ್ಟೇ ಹಳೆಯ ನೀರು ತೆಗೆದು, ಇದನ್ನು ನಿಧಾನವಾಗಿ ಸುರಿದಳು.

ಮಂಗಳವಾರ ಎರಡು ಏಡಿ ಶಂಖದಿಂದ ಅರ್ಧ ಹೊರಗೆ ಜೋತು ಬಿದ್ದಿದ್ದವು. ಬುಧವಾರ ಐದೂ ಸತ್ತಿದ್ದವು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ನಿರ್ಮಲ ಲ್ಯಾಕ್ಟೋಮೀಟರು ಬಿಟ್ಟು ನೋಡಿದಳು, ಇಪ್ಪತ್ತೈದೇ. ಕೈಯಲ್ಲಿ ಸೋಪು ಇತ್ತೇನೋ, ಎಣ್ಣೆ ಇತ್ತೇನೋ ಎಂದು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಸಂಜೆ ಷಣ್ಮುಖನಿಗೆ ಹೇಳಿದ್ದು ನನಗೂ ಕೇಳಿಸಿತು.

"ನನ್ನ ಕೈಗೆ ಬಂದದ್ದು ಯಾವ್ದೂ ಉಳಿಯಾದಿಲ್ಲ. ಇವೆರಡು ಇನ್ನೂ ಉಸಿರಾಡ್ತಾ ಅದಾವೆ. ನಾಳೆ ತಗೊಂಡ್ಹೋಗಿ ಅಲ್ಲೇ ನೀರಿಗೆ ಬಿಡ್ತೀನಿ."

"ಬಿಟ್ಟು ಬಾ. ನಾನೂ ಬರ್ತೀನಿ," ಎಂದ ಅವನು.

"ನೀವು ಬರಬ್ಯಾಡ್ರಿ."

ಈ ಸಲ ಹೋದರೆ ಅವಳು ತಿರುಗಿ ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಗುರುವಾರ ಬೆಳಿಗ್ಗೆ ಬಾಗಿಲ ಬಳಿ ಬ್ಯಾಗು ಬಂದು ಕೂತಿತು. ಹನ್ನೊಂದು ಗಂಟೆಗೆ ಬಸ್ಸು. ಹತ್ತೂವರೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಷಣ್ಮುಖ ಅಂಗಡಿಗೆ ಹೋದ.

ಪಾತ್ರೆ ತೊಳೆಯುವ ಕರಿಯಕ್ಕ ಹಿತ್ತಲಿನಿಂದ ಕೂಗಿದಳು. "ಟೀಚರಮ್ಮಾ, ಈ ಹಂಡ್ಯಾಗೆ ಏನಿಟ್ಟಿದ್ರಿ? ಕಿಲುಬು ಹಿಡಿದೈತೆ ನೋಡ್ರಿ."

ಹೋಗಿ ಬಗ್ಗಿ ನೋಡಿದೆ. ಒಳಗೆ ನೀರು ನಿಂತಿದ್ದ ಮಟ್ಟಕ್ಕೆ ಸುತ್ತಲೂ ಹಸಿರು ಗೆರೆ. ಬೆರಳಿನಿಂದ ಒರೆಸಿದೆ, ಬೆರಳು ಹಸಿರಾಯಿತು. ಉಪ್ಪು ತಾಮ್ರವನ್ನು ತಿಂದು ನೀರಿಗೆ ವಿಷ ಬಿಟ್ಟಿತ್ತು. ಒಗೆಯುವ ಕಲ್ಲಿನ ಮೇಲೆ ಕೂತೆ. ಕರಿಯಕ್ಕನಿಗೆ ಹುಣಸೆಹಣ್ಣು ಹಾಕಿ ಉಜ್ಜು ಎಂದರೆ ಎರಡು ನಿಮಿಷದಲ್ಲಿ ಗೆರೆ ಹೋಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದು ನಿಜ. ಸುಳ್ಳು ಹೇಳಲಾರೆ. ಹುಣಸೆಹಣ್ಣಿನ ಡಬ್ಬಿಯವರೆಗೆ ಹೋಗಿಯೂ ಬಂದೆ.

ಆಮೇಲೆ ನಿರ್ಮಲಳನ್ನು ಹಿತ್ತಲಿಗೆ ಕರೆದೆ.

"ಏಡಿ ಸತ್ತದ್ದು ನಿನ್ನಿಂದಲ್ಲ, ನನ್ನಿಂದ. ನೀರನ್ನ ಈ ಹಂಡ್ಯಾಗೆ ಇಟ್ಟಿದ್ದೆ."

ಅವಳು ಹಂಡೆಯೊಳಗೆ ಕೈ ಹಾಕಿ ಉಗುರಿನಿಂದ ಕೆರೆದಳು. "ಎಷ್ಟು ಹೊತ್ತು?"

"ಎರಡು ದಿನ."

ಒಳಗೆ ಓಡಿದಳು. ಮುಚ್ಚಳ ತೆಗೆಯದ ಕ್ಯಾನು ಇದೆ ಎಂದು ನಾನು ಹೇಳಿದೆ. ಅದನ್ನು ಸೆರಗಿನಿಂದ ಹಿಡಿದು ತಿರುಗಿಸಿ ತೆಗೆದು, ಪ್ಲಾಸ್ಟಿಕ್ ಟಬ್ಬಿಗೆ ಸುರಿದು, ಎರಡೂ ಮೀನನ್ನು ಅದರಲ್ಲಿ ಬಿಟ್ಟಳು. ಗಾಳಿಯ ನಳಿಗೆ ಅದರೊಳಗೆ ಹಾಕಿದಳು. ತೊಟ್ಟಿಯ ನೀರನ್ನೆಲ್ಲ ಚೆಲ್ಲಬೇಕು ಎಂದಳು. ಅವಳು ಬಗ್ಗಿಸಿ ಕೊಟ್ಟದ್ದನ್ನು ನಾನು ಹಿತ್ತಲಿಗೆ ಹೊತ್ತು ಚೆಲ್ಲತೊಡಗಿದೆ. ಒಂದು ಕೊಡ, ಎರಡು ಕೊಡ. ಮೀನುಗಳು ಟಬ್ಬಿನ ತಳಕ್ಕೆ ಇಳಿದು ನಿಂತವು.

"ಉಳ್ಕೊಂತಾವಾ?" ಎಂದೆ.

"ಉಳೀಬಹುದು. ಇವತ್ತು ಇಲ್ಲೇ ಇರ್ಲಿ. ನಾಳೆ ಬಸ್ಸಿಗೆ ತಗೊಂಡ್ಹೋಗ್ತೀನಿ."

ನನ್ನ ಕೈಯಲ್ಲಿ ಮೂರನೆಯ ಕೊಡ ಇತ್ತು. ಏಡಿಗಳ ತಪ್ಪು ಒಪ್ಪಿಕೊಂಡರೆ ಸಾಕು ಎಂದು ಒಳಗೊಳಗೆ ಲೆಕ್ಕ ಹಾಕಿದ್ದೆನಲ್ಲ, ಆ ಲೆಕ್ಕ ತಪ್ಪಿತು. ಅವಳು ಹೊರಟದ್ದು ಏಡಿಗಾಗಿ ಅಲ್ಲ. ಕೊಡ ಕೆಳಗಿಟ್ಟೆ. ನಿಂತು ಹೇಳಲು ಆಗಲಿಲ್ಲ, ಒದ್ದೆ ನೆಲದ ಮೇಲೆ ಕೂತೆ.

"ನಿರ್ಮಲ, ಆಸ್ಪತ್ರ್ಯಾಗೆ ನಾನೊಂದು ಮಾತು ಅಂದಿದ್ದೆ, ಬಸ್ಸಿಂದು. ಅದು ಸುಳ್ಳು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ಕೊಂಡಿತ್ತು. ನೀನು ಮನ್ಯಾಗೆ ಮಲಗಿದ್ರೂ ಅದು ಉಳೀತಿರಲಿಲ್ಲ. ಡಾಕ್ಟರಮ್ಮ ಅವತ್ತೇ ನಂಗೆ ಹೇಳಿದ್ರು, ನಿಂಗೆ ಹೇಳು ಅಂತಾನೂ ಹೇಳಿದ್ರು. ನಾನು ಹೇಳಲಿಲ್ಲ. ಆಡಿದ ಮಾತು ವಾಪಸ್ ತಗೊಳ್ಳಾಕೆ ನಂಗೆ ಆಗಲಿಲ್ಲ. ಅಷ್ಟೇ ಕಾರಣ, ಬೇರೆ ಏನೂ ಇಲ್ಲ."

ಅವಳು ತೊಟ್ಟಿಯ ಅಂಚು ಹಿಡಿದು ನಿಂತಿದ್ದಳು. ಅವಳು ನನ್ನನ್ನು ಬೈಯಬೇಕು ಎಂದು ಕಾದೆ. ಹೊಡೆದಿದ್ದರೂ ಸಹಿಸಿಕೊಳ್ಳುತ್ತಿದ್ದೆ.

"ಒಂದೂವರೆ ವರ್ಷ ಆತ್ರಿ ಅತ್ತೆ," ಎಂದಳು.

"ಹೂಂ."

"ದಿನಾ ಆ ಬಸ್ಸು ಹತ್ತೀನಿ ನಾನು. ದಿನಾ. ಹತ್ತಬಾರ್ದು ಅಂತ ಗೊತ್ತಿದ್ದೂ ಹತ್ತೀನಿ."

ಅವಳು ನನ್ನ ಎದುರಿಗೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಬಾಯಿಗೆ ಸೆರಗು ಕೊಡದೆ, ತಡೆಯದೆ ಅತ್ತಳು. ನಾನೂ ಅತ್ತೆ. ಕೈ ಚಾಚುವ ಧೈರ್ಯ ನನಗೆ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಣ್ಣನ್ನು ನೇರವಾಗಿ ನೋಡಿದಳು.

"ನೀವು ನೋಡೀರಲ್ಲ ಅತ್ತೆ. ನಂಗೆ ಯಾರೂ ತೋರಿಸಲಿಲ್ಲ. ಹೆಂಗಿತ್ತು?"

ಮರೆಯಲಿ ಎಂದು ಮುಚ್ಚಿಟ್ಟ ಮುಖವನ್ನು ಅವಳು ಇಷ್ಟು ದಿನ ಹುಡುಕುತ್ತಲೇ ಇದ್ದಳು. ಅದು ನನ್ನೊಬ್ಬಳ ಹತ್ತಿರ ಇತ್ತು.

"ನಿನ್ನ ಬಣ್ಣ," ಎಂದೆ. "ತಲೆ ತುಂಬ ಕೂದಲು, ಕಿವಿ ಮ್ಯಾಲಿನವರೆಗೂ ಇಳಿದಿತ್ತು. ಹಣೆ ಷಣ್ಮುಖಂದು, ಅಗಲ. ಮೂಗು ಇನ್ನೂ ಯಾರದೂ ಆಗಿರಲಿಲ್ಲ. ಬಲಗೈ ಮುಷ್ಟಿ ಕಟ್ಟಿತ್ತು. ನಾನು ಬಿಡಿಸಿ ನೋಡ್ದೆ. ಉದ್ದ ಬೆರಳು, ಉಗುರು ಬೆಳೆದಿದ್ವು. ಕೆಳಗಿನ ತುಟಿ ಒಳಗೆ ಕಚ್ಕೊಂಡಂಗಿತ್ತು, ನೀನು ಸೂಜಿಗೆ ದಾರ ಪೋಣಿಸುವಾಗ ಕಚ್ಕೊಂತೀಯಲ್ಲ, ಹಂಗೆ. ಬಟ್ಟೆ ಸುತ್ತಾಕೆ ಮುಂಚೆ ನಾನು ಒಂದು ಸಲ ಎತ್ಕೊಂಡಿದ್ದೆ. ಭಾರ ಇತ್ತು. ಚೆಂದ ಬೆಳೆದಿತ್ತು. ನೀನು ಚೆಂದ ಬೆಳೆಸಿದ್ದೆ."

ಹೊರಬಾಗಿಲ ಹತ್ತಿರ ಸದ್ದಾಯಿತು. ಷಣ್ಮುಖ ಬಂದು ನಿಂತಿದ್ದ. ಎಷ್ಟು ಹೊತ್ತಾಗಿತ್ತೋ ತಿಳಿಯದು. ಬ್ಯಾಗು ಅವನ ಕೈಯಲ್ಲಿತ್ತು. ನೆಲದ ತುಂಬ ನೀರು, ಕಾಲು ಭಾಗ ಖಾಲಿಯಾದ ತೊಟ್ಟಿ, ಕೂತ ನಾವಿಬ್ಬರು. ಅವನು ಬ್ಯಾಗನ್ನು ಒಳಗಿನ ಕೋಣೆಯಲ್ಲಿ ಇಟ್ಟು ಬಂದ.

ನಿರ್ಮಲ ಅವನ ಕಡೆ ನೋಡಿದಳು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಇವ್ರೂ ನೋಡಿಲ್ಲ ಅತ್ತೆ. ಸುತ್ತಿದ ಬಟ್ಟೆ ಬಿಚ್ಚಾಕೆ ಇವ್ರಿಗೆ ಧೈರ್ಯ ಆಗಲಿಲ್ಲಂತೆ. ಇನ್ನೊಂದ್ಸಲ ಹೇಳ್ರಿ."

ಮಗ ಒದ್ದೆ ನೆಲದ ಮೇಲೆ ಅವಳ ಪಕ್ಕ ಕೂತ. ನಾನು ಕೂದಲಿನಿಂದ ಶುರು ಮಾಡಿದೆ.